ಐದೆಕರೆ ಕಾಡಿನ ಹಳೇ ಲೆಕ್ಕ

ಇಂಗ್ಲೆಂಡಿನಲ್ಲಿ ಕಾಡನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಬಹುದು. ನಮ್ಮಲ್ಲಿ ಸೈಟು, ತೋಟ, ಈಗೀಗ ‘ಫಾರ್ಮ್ ಪ್ಲಾಟ್’ ಮಾರುತ್ತಾರಲ್ಲ, ಹಾಗೇ ಅಲ್ಲಿ ಐದೆಕರೆ, ಹತ್ತೆಕರೆ ಕಾಡನ್ನು ಫೋಟೊ, ನಕ್ಷೆ, ರೇಟಿನ ಸಮೇತ ಜಾಹೀರಾತು ಕೊಟ್ಟು ಮಾರುತ್ತಾರೆ. ಕೊಳ್ಳುವವರು ಭಾರೀ ಸಾಹುಕಾರರೇ ಆಗಬೇಕಿಲ್ಲ. ವಾರವಿಡೀ ಆಫೀಸಿನಲ್ಲಿ ಕೂತು, ಶನಿವಾರ ಬೂಟು ಮೆಟ್ಟಿಕೊಂಡು ಹೋಗಿ, ನಮ್ಮದೇ ಮರದ ಕೆಳಗೆ ಟೀ ಕಾಯಿಸಿಕೊಂಡು ಕುಡಿಯೋಣ ಅನ್ನುವವರೂ ಇದ್ದಾರೆ.

ಆ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುವ ಪದ ‘ಮಿಕ್ಸೆಡ್ ವುಡ್‌ಲ್ಯಾಂಡ್’. ಹಲವು ಜಾತಿಯ ಮರಗಳು ಕಲೆತ ಕಾಡು ಅಂತ ಅರ್ಥ. ಓದಿದವರಿಗೆ ಪ್ರಕೃತಿಯೇ ತನ್ನಷ್ಟಕ್ಕೆ ಬೆಳೆಸಿದ ವೈವಿಧ್ಯ ಅನ್ನಿಸುತ್ತದೆ. ಅಸಲಿಗೆ ಆ ಮರಗಳಲ್ಲಿ ಬಹುಪಾಲು ಯಾರೋ ಬೇಕು ಅಂತ ಉಳಿಸಿದವು, ನೆಟ್ಟವು, ಇಲ್ಲವೇ ಬೇಡ ಅಂತ ಬಿಟ್ಟುಹೋದವು. ಒಂದೊಂದು ಜಾತಿಯ ಮರವೂ ಒಂದೊಂದು ಕಾಲದ ಲೆಕ್ಕದ ಪುಟ.

ಮೊದಲ ಪುಟ ಹೇಜಲ್. ಇದು ಪೊದೆಯಂತೆ ಬೆಳೆಯುವ ಸಣ್ಣ ಮರ. ಬುಡದ ಹತ್ತಿರ ಕಡಿದರೆ ಸಾಯುವುದಿಲ್ಲ, ಮೋಟಿನಿಂದ ಹತ್ತಾರು ಚಿಗುರು ಏಳುತ್ತವೆ. ಏಳೆಂಟು ವರ್ಷ ಬಿಟ್ಟರೆ ಅವೆಲ್ಲ ನೆಟ್ಟಗಿನ ಗಳು. ಮತ್ತೆ ಕಡಿ, ಮತ್ತೆ ಚಿಗುರು. ಈ ಪದ್ಧತಿಗೆ ಕಾಪಿಸ್ ಅಂತ ಹೆಸರು. ಆ ಗಳುಗಳಿಂದ ಕುರಿದೊಡ್ಡಿಯ ತಡಿಕೆ ಆಯಿತು, ತಡಿಕೆ ಹೆಣೆದು ಮಣ್ಣು ಮೆತ್ತಿದ ಗೋಡೆ ಆಯಿತು, ಒಲೆಗೆ ಸೌದೆಯೂ ಆಯಿತು. ಸಫೋಕ್ ಜಿಲ್ಲೆಯ ಬ್ರ್ಯಾಡ್‌ಫೀಲ್ಡ್ ಕಾಡನ್ನು ಹೀಗೆ ಸರದಿಯ ಮೇಲೆ ಕಡಿಯುತ್ತಾ ಬಂದಿರುವುದಕ್ಕೆ 1252ರಿಂದ ದಾಖಲೆ ಇದೆ. ನಮ್ಮ ಹೊಯ್ಸಳರ ಕಾಲ ಅದು.

ಎಳೆ ಚಿಗುರು ದನಕ್ಕೂ ಜಿಂಕೆಗೂ ಇಷ್ಟ. ಹಾಗಾಗಿ ಕಾಡಿನ ಸುತ್ತ ಮಣ್ಣಿನ ದಿಣ್ಣೆ ಹಾಕಿ, ಅದರ ಹೊರಗೆ ಕಂದಕ ತೋಡುತ್ತಿದ್ದರು. ಮಲೆನಾಡಿನ ಕಡೆ ಅಗಳು ಅಂತಾರಲ್ಲ, ಆ ಥರ. ಇಂದು ಹಳೇ ಕಾಡು ಕೊಂಡವರಿಗೆ ಎಲೆಗಳ ಕೆಳಗೆ ಆ ದಿಣ್ಣೆ ಕಾಣುತ್ತದೆ. ರಾಜ ವಿಲಿಯಮ್ 1086ರಲ್ಲಿ ದೇಶದ ಆಸ್ತಿಯನ್ನೆಲ್ಲ ಬರೆಸಿದ ಡೂಮ್ಸ್‌ಡೇ ದಾಖಲೆಯಿಂದ ಲೆಕ್ಕ ಹಾಕಿದರೆ ಆಗಲೇ ಇಂಗ್ಲೆಂಡಿನ ನೆಲದಲ್ಲಿ ಸುಮಾರು ನೂರಕ್ಕೆ ಹದಿನೈದು ಪಾಲು ಮಾತ್ರ ಕಾಡಿತ್ತು. ಅಷ್ಟು ಕಡಿಮೆ ಇದ್ದದ್ದಕ್ಕೇ ಬೇಲಿ, ಸರದಿ, ಲೆಕ್ಕ ಎಲ್ಲ.

ಎರಡನೇ ಪುಟ ಓಕ್. ಹೇಜಲ್ ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಓಕ್ ಮರವನ್ನು ಕಡಿಯದೆ ಎತ್ತರಕ್ಕೆ ಬಿಡುತ್ತಿದ್ದರು, ಮನೆಯ ತೊಲೆಗೆ, ಹಡಗಿಗೆ. ಎಂಟನೇ ಹೆನ್ರಿಯ ಕಾಲದಲ್ಲಿ, 1543ರಲ್ಲಿ, ಕಾಪಿಸ್ ಕಡಿಯುವಾಗ ಎಕರೆಗೆ ಹನ್ನೆರಡು ಮರ ಬಿಡಲೇಬೇಕು ಅಂತ ಕಾನೂನೇ ಬಂತು. ಮುಂದೆ 1765ರಲ್ಲಿ ನೀರಿಗಿಳಿದ ಯುದ್ಧನೌಕೆ ವಿಕ್ಟರಿ ಒಂದಕ್ಕೇ ಸುಮಾರು 6,000 ಮರ ಬೇಕಾದವು, ಹೆಚ್ಚಿನವು ಓಕ್.

ಓಕ್ ಸಾಲದೇ ಹೋದಾಗ ಅವರ ಕಣ್ಣು ನಮ್ಮ ಪಶ್ಚಿಮ ಕರಾವಳಿಯ ತೇಗದ ಮೇಲೆ ಬಿತ್ತು. ಬಾಂಬೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕಾಮಲೀ ಅನ್ನುವ ನೌಕೆ ಇವತ್ತೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಅಂದರೆ ಅಲ್ಲಿ ಉಳಿದ ಓಕ್‌ನ ಲೆಕ್ಕದಲ್ಲಿ ಇಲ್ಲಿ ಬಿದ್ದ ತೇಗವೂ ಸೇರಬೇಕು.

ಇನ್ನು ಕಾಡು ಯಾರದ್ದು ಅನ್ನುವ ಪ್ರಶ್ನೆ. ಅಲ್ಲಿ ನೆಲ ಒಬ್ಬರದು, ಹಕ್ಕು ಹಲವರದು. ರಾಜನ ಬೇಟೆಯ ಅರಣ್ಯಗಳಲ್ಲಿ ಜಿಂಕೆ ಕೊಂದರೆ ಕೈಕಾಲು ಕತ್ತರಿಸುವ, ಪ್ರಾಣವನ್ನೇ ತೆಗೆಯುವ ಶಿಕ್ಷೆಯನ್ನು 1217ರ ಅರಣ್ಯ ಸನ್ನದು ತೆಗೆದುಹಾಕಿತು. ಸ್ವತಂತ್ರ ಪ್ರಜೆಗಳು ಹಂದಿ ಮೇಯಿಸಿಕೊಳ್ಳಲೂ ಅವಕಾಶ ಕೊಟ್ಟಿತು. ಆ ಸನ್ನದು ಕಾನೂನು ಪುಸ್ತಕದಿಂದ ಹೊರಟದ್ದು 1971ರಲ್ಲಿ! ನ್ಯೂ ಫಾರೆಸ್ಟ್‌ನಲ್ಲಿ ಈಗಲೂ ಶರತ್ಕಾಲದಲ್ಲಿ ಹಕ್ಕುದಾರರು ಓಕ್ ಕಾಯಿ ತಿನ್ನಲು ಹಂದಿ ಬಿಡುತ್ತಾರೆ. ಇದೇ ಬ್ರಿಟಿಷರು ಇಲ್ಲಿಗೆ ಬಂದಾಗ ಮಾತು ಬೇರೆಯಾಯಿತು. 1878ರ ಅರಣ್ಯ ಕಾಯ್ದೆಯಡಿ ಹಳ್ಳಿಗರ ರೂಢಿಯ ಎಷ್ಟೋ ಹಕ್ಕುಗಳು ಸರ್ಕಾರ ಕೊಡಮಾಡಿದ ‘ಸವಲತ್ತು’ಗಳಾದವು. ಉತ್ತರ ಕನ್ನಡದ ಅಡಿಕೆ ತೋಟದವರ ಸೊಪ್ಪಿನ ಬೆಟ್ಟವನ್ನೂ ಸರ್ಕಾರಿ ಕಡತಗಳು ಸವಲತ್ತು ಅಂತಲೇ ಕರೆದವು.

ಮೂರನೇ ಪುಟ ಚೆಸ್ಟ್‌ನಟ್. ಕೆಂಟ್ ಕಡೆ ಕಾಡು ಕೊಂಡರೆ ಸಿಗುವ ಸಾಧ್ಯತೆ ಹೆಚ್ಚು. ಬಿಯರಿಗೆ ಬೇಕಾದ ಹಾಪ್ಸ್ ಬಳ್ಳಿ ಹಬ್ಬಿಸುವ ಗಳುಗಳಿಗೆ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಚೆಸ್ಟ್‌ನಟ್ ಕಾಪಿಸ್ ಬೆಳೆಸಿದರು. ಅದಕ್ಕೂ ಹಿಂದೆ ಅದೇ ಸೀಮೆಯ ಕಬ್ಬಿಣದ ಕುಲುಮೆಗಳು ಇದ್ದಿಲಿನ ಮೇಲೆ ಉರಿಯುತ್ತಿದ್ದವು. ಕುಲುಮೆಗಳು ಕಾಡನ್ನೆಲ್ಲ ನುಂಗಿದವು ಅಂತ ನಾವು ಅಂದುಕೊಳ್ಳುತ್ತೇವೆ. ಇಂಗ್ಲೆಂಡಿನ ಕಾಡುಗಳ ಚರಿತ್ರೆಗೇ ಜೀವನ ಕೊಟ್ಟ ಕೇಂಬ್ರಿಜ್‌ನ ಆಲಿವರ್ ರ‍್ಯಾಕಮ್ ಇದನ್ನು ಒಪ್ಪಲಿಲ್ಲ. ಕುಲುಮೆಯವನಿಗೆ ಪ್ರತಿ ವರ್ಷ ಇದ್ದಿಲು ಬೇಕು, ಅಂದಮೇಲೆ ಕಾಡು ಉಳಿಯಲೇಬೇಕು. ಕೊಡಲಿ ಬಿದ್ದ ಕಾಡು ಚಿಗುರುತ್ತದೆ, ನೇಗಿಲು ಬಿದ್ದ ಕಾಡು ಹೋಯಿತು ಅಂತಲೇ ಲೆಕ್ಕ. ಉಪಯೋಗ ಇದ್ದಲ್ಲಿ ಕಾಡು ಉಳಿಯಿತು, ಇದು ಅವರ ವಾದದ ತಿರುಳು.

ಉಪಯೋಗ ಹೋದದ್ದು ಕಲ್ಲಿದ್ದಲಿನಿಂದ. ರೈಲು ಹಳ್ಳಿ ಹಳ್ಳಿಗೆ ಕಲ್ಲಿದ್ದಲು ತಂದಮೇಲೆ ಸೌದೆ ಕೇಳುವವರಿಲ್ಲ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಇಂಗ್ಲೆಂಡಿನ ಕಾಡು ನೂರಕ್ಕೆ ಐದು ಪಾಲಿಗೆ ಇಳಿದಿತ್ತು. ಮೊದಲ ಮಹಾಯುದ್ಧದಲ್ಲಿ ಗಣಿಗಳ ಊರುಗಂಬಕ್ಕೂ ಕಂದಕಗಳಿಗೂ ಮರ ಸಾಲದೆ ಸರ್ಕಾರಕ್ಕೆ ಗಾಬರಿಯಾಯಿತು. 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಹುಟ್ಟಿತು. ಬೇಗ ಬೆಳೆಯುವ ಸ್ಪ್ರೂಸ್, ಲಾರ್ಚ್, ಪೈನ್ ಸಾಲುಸಾಲಾಗಿ ನೆಟ್ಟರು. ಇದು ನಾಲ್ಕನೇ ಪುಟ. ಎರಡನೇ ಮಹಾಯುದ್ಧದ ನಂತರವಂತೂ ಹಳೇ ಓಕ್, ಹೇಜಲ್‌ಗಳನ್ನೇ ಕಡಿದು, ವಿಷ ಹಾಕಿ ಕೊಂದು ಆ ಜಾಗದಲ್ಲಿ ಪೈನ್ ಜಾತಿಯ ಮರ ಎಬ್ಬಿಸಿದರು. 1930ರ ದಶಕದಿಂದ 1980ರ ದಶಕದೊಳಗೆ ಪುರಾತನ ಕಾಡಿನಲ್ಲಿ ಹತ್ತಿರ ಹತ್ತಿರ ಅರ್ಧ, ಒಂದೋ ಹೊಲವಾಯಿತು, ಇಲ್ಲವೇ ಪ್ಲಾಂಟೇಷನ್ ಆಯಿತು. ಸರ್ಕಾರ ಅಧಿಕೃತವಾಗಿ ದಿಕ್ಕು ಬದಲಿಸಿದ್ದು 1985ರಲ್ಲಿ.

ಉಳಿದರ್ಧ? ಅದರಲ್ಲಿ ಬಹುಭಾಗವನ್ನು ಯಾರೂ ಮುಟ್ಟಲಿಲ್ಲ. ಮುಟ್ಟದಿದ್ದರೆ ಒಳ್ಳೆಯದೇ ಅಲ್ಲವೇ? ಇಲ್ಲೇ ಇರೋದು ತಿರುವು. ಕಾಪಿಸ್ ಕಡಿದಾಗ ನೆಲಕ್ಕೆ ಬಿಸಿಲು ಬೀಳುತ್ತಿತ್ತು, ಬ್ಲೂಬೆಲ್, ವಯೊಲೆಟ್ ಹೂವು ಅರಳುತ್ತಿದ್ದವು. ಆ ವಯೊಲೆಟ್ ಗಿಡದಲ್ಲಿ ಮೊಟ್ಟೆಯಿಡುವ ಒಂದು ಕಿತ್ತಳೆ ಬಣ್ಣದ ಚಿಟ್ಟೆ ಪ್ರತಿ ವರ್ಷ ಹೊಸದಾಗಿ ಕಡಿದ ಜಾಗ ಹುಡುಕಿಕೊಂಡು ಹೋಗುತ್ತಿತ್ತು. ಮರ ಕಡಿಯುವವನ ಹಿಂದೆ ಹೋಗುವ ಚಿಟ್ಟೆ ಅಂತಲೇ ಹಳ್ಳಿಗರು ಅದಕ್ಕೆ ಹೆಸರಿಟ್ಟಿದ್ದರು. ಕಡಿಯುವವನು ನಿಂತ, ಕಾಡು ಕತ್ತಲಾಯಿತು, ಆ ಚಿಟ್ಟೆ ಎಷ್ಟೋ ಜಿಲ್ಲೆಗಳಿಂದ ಕಾಣೆಯಾಯಿತು. ಹೇಜಲ್ ಪೊದೆ ನಂಬಿ ಬದುಕುವ ಡಾರ್ಮೌಸ್ ಅನ್ನುವ ಪುಟ್ಟ ಪ್ರಾಣಿಯ ಕಥೆಯೂ ಬೇರೆಯಲ್ಲ.

ಹೀಗೆ ಬಿಟ್ಟುಹೋದ ಕಾಡುಗಳೇ ಕೊನೆಗೆ ಮಾರುಕಟ್ಟೆಗೆ ಬಂದದ್ದು. ಮೊದಲ ಯುದ್ಧದ ನಂತರ ತೆರಿಗೆಯ ಭಾರಕ್ಕೆ ದೊಡ್ಡ ಎಸ್ಟೇಟುಗಳು ಒಡೆದವು. ಈಚಿನ ದಶಕಗಳಲ್ಲಿ ಕಂಪನಿಗಳು ದೊಡ್ಡ ಕಾಡು ಕೊಂಡು, ತುಂಡು ಮಾಡಿ ಮಾರತೊಡಗಿದವು. ದೊಡ್ಡದಕ್ಕಿಂತ ಸಣ್ಣ ತುಂಡಿಗೆ ಎಕರೆ ದರ ಜಾಸ್ತಿ. ಇದು ನಮಗೆ ಹೊಸ ಗಣಿತ ಏನಲ್ಲ ಬಿಡಿ.

ಕೊಂಡಮೇಲೆ ಮನೆ ಕಟ್ಟೋಣ ಅಂದರೆ ಅನುಮತಿ ಸಿಗುವುದು ಬಹಳ ಕಷ್ಟ. ಮೂರು ತಿಂಗಳಿಗೆ ಐದು ಘನ ಮೀಟರಿಗಿಂತ ಹೆಚ್ಚು ಮರ ಕಡಿಯಲು ಸಾಮಾನ್ಯವಾಗಿ ಲೈಸೆನ್ಸ್ ಬೇಕು, ಅದರೊಳಗೂ ಎರಡಕ್ಕಿಂತ ಹೆಚ್ಚು ಮಾರುವಂತಿಲ್ಲ. ನೆಲದಡಿಯ ಖನಿಜದ ಹಕ್ಕನ್ನೋ ಹಕ್ಕಿ ಬೇಟೆಯ ಹಕ್ಕನ್ನೋ ಹಿಂದಿನ ಮಾಲೀಕ ಇಟ್ಟುಕೊಂಡಿರಬಹುದು. ಕಾಡಿನೊಳಗೆ ಸಾರ್ವಜನಿಕ ಕಾಲುದಾರಿ ಇದ್ದರೆ ಜನ ಓಡಾಡುತ್ತಾರೆ, ತಡೆಯುವಂತಿಲ್ಲ. ಆದರೆ ದಾರಿ ಇಲ್ಲದ ಕಾಡಿಗೆ ಬೀಗ ಹಾಕಬಹುದು. ಬೆಟ್ಟ, ಬಯಲುಗಳಲ್ಲಿ ಅಲೆಯುವ ಹಕ್ಕು ಕೊಟ್ಟ 2000ದ ಕಾಯ್ದೆ ಕಾಡುಗಳನ್ನು ಸಾಮಾನ್ಯವಾಗಿ ಹೊರಗೇ ಇಟ್ಟಿತು. ಹಾಗಾಗಿ ಹತ್ತು ಜನ ತುಂಡು ತುಂಡಾಗಿ ಕೊಂಡ ಕಾಡು ಅಂದರೆ ಹತ್ತು ಬೀಗವೂ ಆಗಬಹುದು. 2010ರಲ್ಲಿ ಸರ್ಕಾರ ತನ್ನ ಕಾಡುಗಳನ್ನೇ ಮಾರಲು ಹೊರಟಾಗ ಐದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ವಿರೋಧಿಸಿದರು, 2011ರ ಫೆಬ್ರವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು. ಕೊಳ್ಳುವ ಆಸೆಯೂ ಈ ಭಯವೂ ಒಂದೇ ದೇಶದವು.

ಕೊನೆಯ ಪುಟದಲ್ಲಿ ಎರಡು ಮರ. ಒಂದು, ಯಾರೂ ನೆಡದೆ ಖಾಲಿ ಜಾಗ ಸಿಕ್ಕಲ್ಲೆಲ್ಲ ತಾನಾಗಿ ಎದ್ದ ಬರ್ಚ್. ಇನ್ನೊಂದು, ತುದಿಯಿಂದ ಒಣಗುತ್ತಾ ಬರುವ ಆಶ್. ಆಶ್ ಕೊಲ್ಲುವ ಶಿಲೀಂಧ್ರ ರೋಗ ಬ್ರಿಟನ್‌ನಲ್ಲಿ ಪತ್ತೆಯಾದದ್ದು 2012ರಲ್ಲಿ. ಜೊತೆಗೆ 1876ರಲ್ಲಿ ಅಮೆರಿಕದಿಂದ ಶೋಕಿಗೆ ತಂದು ಬಿಟ್ಟ ಬೂದು ಅಳಿಲು ಎಳೆ ಮರಗಳ ತೊಗಟೆ ಸುಲಿಯುತ್ತದೆ. ತೋಳ ಇಲ್ಲದ ನಾಡಿನಲ್ಲಿ ಜಿಂಕೆ ಚಿಗುರು ಮೇಯುತ್ತದೆ. ಸುಮ್ಮನೆ ಬಿಟ್ಟರೆ ಕಾಡು ತಾನೇ ಸರಿಹೋಗುತ್ತದೆ ಅನ್ನುವ ಸ್ಥಿತಿ ಈಗಿಲ್ಲ.

ಇಷ್ಟೆಲ್ಲ ಲೆಕ್ಕ ನೋಡಿದಮೇಲೆ ಐದೆಕರೆ ಕೊಂಡವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಾಡಿನಿಂದ ನನಗೇನು ಬೇಕು? ಸನ್ಯಾಸಿಗಳಿಗೆ ಸೌದೆ ಬೇಕಿತ್ತು, ನೌಕಾಪಡೆಗೆ ತೊಲೆ ಬೇಕಿತ್ತು, ಬಿಯರಿನವರಿಗೆ ಗಳು ಬೇಕಿತ್ತು. ಅವರು ಕಾಡಿನ ಪ್ರೇಮಿಗಳೇನಲ್ಲ, ಆದರೂ ಅವರ ಕೈಯಲ್ಲಿ ಅದು ಉಳಿಯಿತು. ಪ್ರತಿ ಚಳಿಗಾಲ ಒಂದು ಮೂಲೆಯ ಹೇಜಲ್ ಕಡಿದು, ಜಿಂಕೆಗೆ ಬೇಲಿ ಕಟ್ಟಿ, ಗಳು ಹೊರುವವರಿಗೆ ಅದು ಕಾಡು. ನೆರಳಿನಲ್ಲಿ ಟೀ ಕುಡಿದು ಫೋಟೊ ಹಾಕಿ ಬರುವವರಿಗೆ ಅದು ಬೀಗ ಹಾಕಿದ ಸೈಟು, ಮರ ಇರುವ ಸೈಟು ಅಷ್ಟೇ.