ಫೋಟೋ ಇಲ್ಲದ ಕಾನ್ಸರ್ಟು

ಇವತ್ತು ರಾಕ್ ಕಾನ್ಸರ್ಟುಗಳ ಬಗ್ಗೆ ಮಾತಾಡೋಣ ಅಂದುಕೊಂಡಿದ್ದೇನೆ. ಕನ್ನಡ ರೇಡಿಯೋದಲ್ಲಿ ಈ ಅಂಕಲ್ ಯಾಕಪ್ಪಾ ಲೆಡ್ ಝೆಪ್ಪೆಲಿನ್ ಪುರಾಣ ತೆಗೆದರು ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ನನ್ನ ಮಗಳು. ಹೋದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಊಟ ಮುಗಿಸಿ ಎಲ್ಲರೂ ಕೂತಿದ್ದೆವು. 1974ರಲ್ಲಿ ಮೇರಿಲ್ಯಾಂಡಿನಲ್ಲಿ ಜಾರ್ಜ್ ಹ್ಯಾರಿಸನ್ ಅವರನ್ನು ನೋಡಿದ ಕಥೆಯನ್ನು ನಾನು ನೂರನೆಯ ಸಲ ಶುರು ಮಾಡಿದೆ. “ನಮ್ಮ ಮೃದಂಗ, ತಬಲಾ ಕೇಳಿ ಸಾವಿರಾರು ಅಮೆರಿಕನ್ನರು ಎದ್ದು ನಿಂತು ಚಪ್ಪಾಳೆ ತಟ್ಟಿದರು” ಅನ್ನುವ ಜಾಗಕ್ಕೆ ಬರುತ್ತಿದ್ದ ಹಾಗೆ ಅವಳು ಕೇಳಿದಳು: “ಅಪ್ಪಾ, ಒಂದು ಫೋಟೋನಾದ್ರೂ ಇದೆಯಾ? ಫೋಟೋ ಇಲ್ಲ ಅಂದ್ರೆ ನಡೆದೇ ಇಲ್ಲ ಅಂತ ಲೆಕ್ಕ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಇದೇ ಜಗಳ ನಮ್ಮ ಪಕ್ಕದ ವೀಟನ್‌ನಲ್ಲಿ ಬಹಳ ವರ್ಷಗಳಿಂದ ನಡೆಯುತ್ತಿದೆ. ವೀಟನ್ ಅಂದರೆ ನಿಮಗೆ ಮೆಟ್ರೋ ರೆಡ್ ಲೈನಿನ ಆ ಮುಗಿಯದ ಎಸ್ಕಲೇಟರ್ ನೆನಪಾಗುತ್ತದೆ. ಅಲ್ಲಿ ಒಂದು ಯೂತ್ ಸೆಂಟರ್ ಇತ್ತು. ಬಾಸ್ಕೆಟ್‌ಬಾಲ್ ಆಡುವ ಜಿಮ್, ವಾರಾಂತ್ಯದಲ್ಲಿ ಹುಡುಗ ಹುಡುಗಿಯರ ಡಾನ್ಸು, ಅಷ್ಟೇ. 1969ರ ಜನವರಿ 20, ಸೋಮವಾರ. ವಾಷಿಂಗ್ಟನ್ನಿನಲ್ಲಿ ರಿಚರ್ಡ್ ನಿಕ್ಸನ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡ ದಿನ. ಅದೇ ರಾತ್ರಿ ಈ ಜಿಮ್ಮಿನಲ್ಲಿ ಲೆಡ್ ಝೆಪ್ಪೆಲಿನ್ ಹಾಡಿತು, ಕೇಳಲು ಬಂದವರು ಐವತ್ತು ಜನ ಇದ್ದರೆ ಹೆಚ್ಚು, ಅನ್ನುವುದು ಕಥೆ. ಆಗ ಅವರು ಅಮೆರಿಕಕ್ಕೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಮೊದಲ ಆಲ್ಬಮ್ ಹೊರಬಂದು ಒಂದು ವಾರ ಆಗಿತ್ತು. ಹಾಗಾಗಿ ಐವತ್ತೇ ಜನ ಅಂದರೂ ನಂಬಬಹುದು.

ತೊಂದರೆ ಏನೆಂದರೆ, ಟಿಕೆಟ್ಟಿನ ಒಂದು ತುಂಡೂ ಸಿಕ್ಕಿಲ್ಲ. ಪತ್ರಿಕೆಯ ಜಾಹೀರಾತಿಲ್ಲ, ಪೋಸ್ಟರ್ ಇಲ್ಲ, ಫೋಟೋ ಇಲ್ಲ. ಇರುವುದು “ನಾನು ಅಲ್ಲಿದ್ದೆ” ಅನ್ನುವ ಜನರ ಮಾತು ಮಾತ್ರ. ಮೇರಿಲ್ಯಾಂಡಿನವರೇ ಆದ ಜೆಫ್ ಕ್ರೂಲಿಕ್ ಈ ಗಂಟನ್ನು ಬಿಡಿಸಲು ಹೋಗಿ ‘ಲೆಡ್ ಝೆಪ್ಪೆಲಿನ್ ಪ್ಲೇಡ್ ಹಿಯರ್’ ಅಂತ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದರು. ನೋಡಿದೆವು ಅನ್ನುವವರನ್ನೂ ಸಾಧ್ಯವೇ ಇಲ್ಲ ಅನ್ನುವವರನ್ನೂ ಕೂರಿಸಿ ಮಾತಾಡಿಸಿದರು. ಚಿತ್ರ ಮುಗಿದರೂ ಗಂಟು ಗಂಟಾಗಿಯೇ ಉಳಿಯಿತು. ನಮ್ಮೂರ ಕಡೆ ಯುದ್ಧದಲ್ಲಿ ಸತ್ತವನಿಗೆ ವೀರಗಲ್ಲು ನೆಡುತ್ತಿದ್ದರು, ದಾನ ಕೊಟ್ಟರೆ ಶಾಸನ ಕೆತ್ತಿಸುತ್ತಿದ್ದರು. ಹುಡುಗರ ಡಾನ್ಸ್ ಹಾಲಿಗೆ ಯಾರು ಶಾಸನ ಕೆತ್ತುತ್ತಾರೆ?

ನನ್ನ ಅಭಿಪ್ರಾಯ ಕೇಳಿದರೆ, ಅವರು ಹಾಡಿರಬಹುದು. ಆದರೆ ಮುಂದೆ ಅದೇ ಗುಂಪು ಜಗತ್ಪ್ರಸಿದ್ಧವಾದ ಮೇಲೆ “ನಾನೂ ಅಲ್ಲಿದ್ದೆ” ಅನ್ನುವ ಆಸೆ ಯಾರನ್ನೂ ಬಿಡುವುದಿಲ್ಲ. ಆ ಆಸೆಯೂ ನೆನಪಿನ ವೇಷ ಹಾಕಿಕೊಂಡೇ ಬರುತ್ತದೆ. ಪುರಾವೆ ಇರುವ ದಿನವೂ ಒಂದಿದೆ ಅನ್ನಿ: ಅದೇ ವರ್ಷ ಮೇ 25ರಂದು ಕೊಲಂಬಿಯಾದ ಮೆರಿವೆದರ್ ಪೋಸ್ಟ್ ಪೆವಿಲಿಯನ್‌ನಲ್ಲಿ ಲೆಡ್ ಝೆಪ್ಪೆಲಿನ್ ಮತ್ತು ದ ಹೂ ಒಂದೇ ವೇದಿಕೆಯಲ್ಲಿ ಹಾಡಿದರು. ಅಲ್ಲಿಗೆ ಹೋಗಿದ್ದವರು ಯಾರ ಜೊತೆಗೂ ವಾದ ಮಾಡಬೇಕಾಗಿಲ್ಲ.

ಪುರಾವೆ ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ಡಿ.ಸಿ.ಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಯೂನಿಯನ್ ಸ್ಟೇಷನ್ ಹತ್ತಿರ, ನೋಮಾದಲ್ಲಿ, ಆರ್‌ಇಐ ಅಂಗಡಿ ಇದೆಯಲ್ಲ, ನೀವು ಟೆಂಟು, ಹೈಕಿಂಗ್ ಶೂ ಕೊಳ್ಳಲು ಹೋಗುತ್ತೀರಿ. ಆ ಕಮಾನು ಛಾವಣಿಯ ಕಟ್ಟಡವೇ ಹಿಂದಿನ ವಾಷಿಂಗ್ಟನ್ ಕೊಲಿಸಿಯಂ. 1964ರ ಫೆಬ್ರವರಿ 11ರಂದು ಬೀಟಲ್ಸ್ ಅಮೆರಿಕದಲ್ಲಿ ತಮ್ಮ ಮೊಟ್ಟಮೊದಲ ಕಾನ್ಸರ್ಟ್ ಕೊಟ್ಟಿದ್ದು ಅಲ್ಲಿಯೇ. ಹಿಮ ಬೀಳುತ್ತಿದ್ದರಿಂದ ನ್ಯೂಯಾರ್ಕಿನಿಂದ ರೈಲಿನಲ್ಲಿ ಬಂದರು. ಸುಮಾರು 8,000 ಜನ. ವೇದಿಕೆ ಕುಸ್ತಿ ಅಖಾಡದ ಹಾಗೆ ನಟ್ಟನಡುವೆ ಇತ್ತು, ಸುತ್ತ ಜನ. ಹಾಗಾಗಿ ಕೆಲವು ಹಾಡಿಗೊಮ್ಮೆ ಹಾಡುಗಾರರು ಮೈಕು ತಿರುಗಿಸಿಕೊಂಡು ಇನ್ನೊಂದು ದಿಕ್ಕಿಗೆ ಮುಖ ಮಾಡಬೇಕಿತ್ತು. ರಿಂಗೋ ಅವರ ಡ್ರಮ್ ಇಟ್ಟ ಅಡ್ಡೆಯನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಇದೆಲ್ಲ ಕಟ್ಟುಕಥೆ ಅನ್ನಿಸುತ್ತದೆ, ಆದರೆ ಫಿಲ್ಮ್ ಇದೆ, ನೀವೇ ನೋಡಬಹುದು. ಅಲ್ಲಿ ಮೈಕ್ ಮಿಚೆಲ್ ಅನ್ನುವ 18 ವರ್ಷದ ಹುಡುಗ ಫೋಟೋ ತೆಗೆದಿದ್ದ. ನೆಗೆಟಿವ್‌ಗಳು ದಶಕಗಟ್ಟಲೆ ಮನೆಯ ಬೇಸ್‌ಮೆಂಟಿನ ಡಬ್ಬಿಯಲ್ಲಿ ಬಿದ್ದಿದ್ದವು. 2011ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಆ ಚಿತ್ರಗಳಿಗೆ ಒಟ್ಟು 3,60,000 ಡಾಲರಿಗೂ ಹೆಚ್ಚು ಬಂತು. ನಿಮ್ಮ ಮನೆಯ ಬೇಸ್‌ಮೆಂಟನ್ನು ಒಮ್ಮೆ ಗುಡಿಸಿ ನೋಡಿ!

ಇನ್ನು ನನ್ನ ಕಥೆ. ನಾನು 1973ರಲ್ಲಿ ಮೈಸೂರಿನಿಂದ ಕಾಲೇಜ್ ಪಾರ್ಕಿಗೆ ಓದಲು ಬಂದವನು. ಇಲ್ಲಿಯ ಕಾವೇರಿ ಕನ್ನಡ ಸಂಘ ಆಗತಾನೆ ಹುಟ್ಟಿತ್ತು, 1972ರಲ್ಲಿ. ಯುಗಾದಿಗೋ ದೀಪಾವಳಿಗೋ ಒಂದು ದಿನ ಕನ್ನಡ ಕಿವಿಗೆ ಬಿದ್ದರೆ ಬಿತ್ತು. ಉಳಿದ ದಿನವೆಲ್ಲ ಡಬ್ಲ್ಯೂಎಚ್‌ಎಫ್‌ಎಸ್ ಎಫ್‌ಎಂ. ಬೆಥೆಸ್ಡಾದಿಂದ ಬರುತ್ತಿದ್ದ ಆ ಸ್ಟೇಷನ್ನಿನವರು ಇಷ್ಟ ಬಂದ ರೆಕಾರ್ಡನ್ನು ಇಷ್ಟ ಬಂದಷ್ಟು ಹೊತ್ತು ಹಾಕುತ್ತಿದ್ದರು. ರೂಮ್‌ಮೇಟುಗಳ ಜೊತೆ ಕೂತು ಕೇಳಿ ಕೇಳಿ ನನಗೂ ಹುಚ್ಚು ಹಿಡಿಯಿತು. 1973ರ ಡಿಸೆಂಬರಿನಲ್ಲಿ ಹತ್ತಿರದಲ್ಲೇ, ಬೆಲ್ಟ್‌ವೇ ಪಕ್ಕದಲ್ಲಿ, ಕ್ಯಾಪಿಟಲ್ ಸೆಂಟರ್ ಬಾಗಿಲು ತೆರೆಯಿತು. ಕುದುರೆ ಜೀನಿನ ಹಾಗೆ ಬಾಗಿದ ಛಾವಣಿ, ಒಳಗೆ ಮೇಲುಗಡೆ ತೂಗುಬಿಟ್ಟ ದೊಡ್ಡ ದೊಡ್ಡ ಟೀವಿ ಪರದೆಗಳು. ಮೈಸೂರಿಗೆ ಆಗಿನ್ನೂ ಟೀವಿಯೇ ಬಂದಿರಲಿಲ್ಲ.

ಜಾರ್ಜ್ ಹ್ಯಾರಿಸನ್ 1974ರ ನವೆಂಬರ್, ಡಿಸೆಂಬರಿನಲ್ಲಿ ಉತ್ತರ ಅಮೆರಿಕ ಸುತ್ತಿದರು. ಬೀಟಲ್ಸ್ ಒಡೆದ ಮೇಲೆ ಅವರಲ್ಲೊಬ್ಬರು ಇಲ್ಲಿ ಹೀಗೆ ಊರೂರು ತಿರುಗಿದ್ದು ಅದೇ ಮೊದಲು. ನವೆಂಬರ್ 28ರಂದು ಅಟ್ಲಾಂಟಾದ ಓಮ್ನಿಯಲ್ಲಿ, ಡಿಸೆಂಬರ್ 13ರಂದು ನಮ್ಮ ಕ್ಯಾಪಿಟಲ್ ಸೆಂಟರಿನಲ್ಲಿ. ಆ ಮಧ್ಯಾಹ್ನ ಅವರು ರವಿಶಂಕರ್ ಅವರೊಂದಿಗೆ ಶ್ವೇತಭವನಕ್ಕೂ ಹೋಗಿ ಅಧ್ಯಕ್ಷ ಫೋರ್ಡ್ ಅವರನ್ನು ಕಂಡು ಬಂದಿದ್ದರು. ಈ ಪ್ರವಾಸಕ್ಕೆ ಹ್ಯಾರಿಸನ್ ತಮ್ಮ ವಾದ್ಯಗಾರರ ಜೊತೆಗೆ ರವಿಶಂಕರ್ ಅವರ ಇಡೀ ತಂಡವನ್ನು ಕರೆತಂದಿದ್ದರು. ತಬಲಾಕ್ಕೆ ಅಲ್ಲಾರಖಾ, ಕೊಳಲಿಗೆ ಹರಿಪ್ರಸಾದ್ ಚೌರಾಸಿಯಾ, ಸಂತೂರಿಗೆ ಶಿವಕುಮಾರ್ ಶರ್ಮ, ಪಿಟೀಲಿಗೆ ಎಲ್. ಸುಬ್ರಮಣ್ಯಂ, ಮೃದಂಗಕ್ಕೆ ಟಿ.ವಿ. ಗೋಪಾಲಕೃಷ್ಣನ್, ಹಾಡಲು ಲಕ್ಷ್ಮೀಶಂಕರ್. ಇವತ್ತು ಇಂಥ ತಂಡವನ್ನು ಒಂದು ವೇದಿಕೆಗೆ ತರಿಸಲು ಯಾವ ಸಂಘಕ್ಕೆ ಸಾಧ್ಯ ಹೇಳಿ.

ಕಾನ್ಸರ್ಟಿನ ನಡುವೆ ಇವರ ಭಾಗ ಇರುತ್ತಿತ್ತು. ಹಳೆಯ ಬೀಟಲ್ಸ್ ಹಾಡಿಗೆ ಕಾದು ಕೂತಿದ್ದ ಜನ ಎಷ್ಟೋ ಊರುಗಳಲ್ಲಿ ಗಲಾಟೆ ಮಾಡಿದರು. ಹ್ಯಾರಿಸನ್ ಅವರ ಗಂಟಲೂ ಕೆಟ್ಟಿತ್ತು. ವಿಮರ್ಶಕರು ಕನಿಕರ ತೋರಿಸಲಿಲ್ಲ. ಇದನ್ನೆಲ್ಲ ನಾನು ಬಹಳ ವರ್ಷಗಳ ಮೇಲೆ ಓದಿದ್ದೆ. ಓದಿದಾಗಲೆಲ್ಲ “ಬೇರೆ ಊರಿನಲ್ಲಿ ಹಾಗಾಗಿರಬಹುದು, ನಮ್ಮಲ್ಲಿ ಆಗಲಿಲ್ಲ” ಅಂದುಕೊಳ್ಳುತ್ತಿದ್ದೆ.

ನನ್ನ ನೆನಪು ಮೋಸ ಮಾಡುತ್ತದೆ ಅಂತ ನನಗೆ ಆಗಲೇ ಸಂಶಯ ಬರಬೇಕಿತ್ತು. ಯಾಕೆಂದರೆ ಬೇರೆಯವರ ನೆನಪಿನ ಆಟವನ್ನು ನಾನು ಬೇಕಾದಷ್ಟು ನೋಡಿದ್ದೆ. ಮುಂದೆ ಕೆಲಸದ ಮೇಲೆ ಕೆರೊಲೈನಾದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಗ್ರೀನ್ಸ್‌ಬರೋದವರೊಬ್ಬರು ನನ್ನ ಸಹೋದ್ಯೋಗಿ. ಹನ್ನೆರಡು ವರ್ಷದವರಿದ್ದಾಗ, 1967ರ ಜುಲೈ 12ರಂದು, ಅವರು ಗ್ರೀನ್ಸ್‌ಬರೋ ಕೊಲಿಸಿಯಂಗೆ ಮಂಕೀಸ್ ಗುಂಪನ್ನು ನೋಡಲು ಹೋಗಿದ್ದರು. ಹಿಂದಿನ ರಾತ್ರಿ ಅದೇ ತಂಡ ಷಾರ್ಲಟ್‌ನಲ್ಲಿ ಹಾಡಿತ್ತು. ಆ ದಿನಗಳಲ್ಲಿ ಮಂಕೀಸ್‌ಗಿಂತ ಮೊದಲು ಬಂದು ನುಡಿಸುತ್ತಿದ್ದವರು ಯಾರು ಗೊತ್ತೇ? ಜಿಮಿ ಹೆಂಡ್ರಿಕ್ಸ್! ಒಂದು ತಿಂಗಳ ಕೆಳಗಷ್ಟೇ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿ ಹಚ್ಚಿದ್ದವರು. ಅದೇ ಉತ್ಸವಕ್ಕೆ ಬಂದಿದ್ದ ರವಿಶಂಕರ್ ಅದನ್ನು ನೋಡಿ ನೊಂದುಕೊಂಡಿದ್ದರು. ಆಯುಧಪೂಜೆಗೆ ವೀಣೆಗೆ ಅರಿಶಿನ ಕುಂಕುಮ ಇಡುವವರಿಗೆ ಅದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಂಕೀಸ್ ನೋಡಲು ಬಂದ ಪುಟ್ಟ ಹುಡುಗಿಯರಿಗೆ ಹೆಂಡ್ರಿಕ್ಸ್ ಬೇಕಿರಲಿಲ್ಲ. ನ್ಯೂಯಾರ್ಕಿನ ಕಾನ್ಸರ್ಟುಗಳಾದ ಮೇಲೆ ಅವರು ಆ ಪ್ರವಾಸ ಬಿಟ್ಟು ಹೊರಟರು. ನನ್ನ ಸಹೋದ್ಯೋಗಿಯನ್ನು ಕೇಳಿದೆ, “ಹೆಂಡ್ರಿಕ್ಸ್ ಹೇಗೆ ನುಡಿಸಿದರು?” “ನೆನಪೇ ಇಲ್ಲ ನೋಡಿ,” ಅಂದರು. “ಏನೋ ಸದ್ದು ಜೋರಾಗಿತ್ತು. ನಾವು ಡೇವಿ ಜೋನ್ಸ್ ಯಾವಾಗ ಬರುತ್ತಾನೋ ಅಂತ ಕಿರುಚುತ್ತಿದ್ದೆವು.” ವೀಟನ್‌ನಲ್ಲಿ ಇಲ್ಲದವರಿಗೂ ನೆನಪಿದೆ, ಇಲ್ಲಿ ಇದ್ದವರಿಗೇ ಇಲ್ಲ.

ಸೌತ್ ಕೆರೊಲೈನಾದ ಗ್ರೀನ್‌ವಿಲ್‌ನಲ್ಲಿ ನನ್ನ ಕಾರು ರಿಪೇರಿ ಮಾಡುತ್ತಿದ್ದವರ ಕಥೆ ಇನ್ನೊಂದು ಬಗೆ. ಅವರು 1977ರ ಅಕ್ಟೋಬರ್ 19ರಂದು ಅಲ್ಲಿಯ ಮೆಮೋರಿಯಲ್ ಆಡಿಟೋರಿಯಂನಲ್ಲಿ ಲಿನರ್ಡ್ ಸ್ಕಿನರ್ಡ್ ಗುಂಪನ್ನು ಕೇಳಿದ್ದರು. ಮರುದಿನ ಗ್ರೀನ್‌ವಿಲ್‌ನಿಂದ ಹೊರಟ ಅವರ ವಿಮಾನ ಇಂಧನ ಮುಗಿದು ಮಿಸಿಸಿಪಿಯ ಕಾಡಿನಲ್ಲಿ ಬಿತ್ತು. ಹಾಡುಗಾರ ರಾನಿ ವಾನ್ ಝಾಂಟ್ ಸೇರಿ ಆರು ಜನ ಹೋದರು. ಮರುದಿನ ಹಾಗಾಗದಿದ್ದರೆ ಅದೂ ಹತ್ತರಲ್ಲಿ ಹನ್ನೊಂದನೆಯ ಕಾನ್ಸರ್ಟ್ ಆಗುತ್ತಿತ್ತು. ಈಗ ಅವರಿಗೆ ತಾವು ಹಾಕಿದ್ದ ಅಂಗಿಯ ಬಣ್ಣವೂ ನೆನಪಿದೆ.

ಅಟ್ಲಾಂಟಾದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. 1965ರ ಆಗಸ್ಟ್ 18ರಂದು ಬೀಟಲ್ಸ್ ಅಲ್ಲಿಯ ಹೊಸ ಸ್ಟೇಡಿಯಂನಲ್ಲಿ ಹಾಡಿದರು. ಜನರ ಕಿರುಚಾಟದಲ್ಲಿ ಆವರೆಗೆ ಅವರ ಹಾಡು ಅವರಿಗೇ ಕೇಳಿಸುತ್ತಿರಲಿಲ್ಲ. ಅಟ್ಲಾಂಟಾದ ಧ್ವನಿವರ್ಧಕದವರು ಕೆಲವು ಸ್ಪೀಕರುಗಳನ್ನು ಹಾಡುಗಾರರ ಕಡೆಗೇ ತಿರುಗಿಸಿ ಇಟ್ಟರು. ಈಗ ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲೂ ‘ಮಾನಿಟರ್ ಸರಿಯಿಲ್ಲ’ ಅಂತ ಗೊಣಗುತ್ತೀರಲ್ಲ, ಅದೇ ಮಾನಿಟರ್. ತಮ್ಮ ದನಿ ತಮಗೇ ಕೇಳಿಸಿತು ಅಂತ ಅವರಿಗೆ ಆಶ್ಚರ್ಯವಾಗಿತ್ತಂತೆ.

ನನ್ನ ದನಿ ನನಗೆ ಕೇಳಿಸಿದ್ದು ಹೋದ ಸಂಕ್ರಾಂತಿಯ ಹೊತ್ತಿಗೆ. ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಮಗಳ ಸವಾಲನ್ನು ಫೋನಿನಲ್ಲಿ ಹೇಳಿದ್ದೆ. ಅವನೂ ರಾಕ್ ಹುಚ್ಚಿನವನೇ, 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದಾಗ ಮಗನನ್ನು ಕರೆದುಕೊಂಡು ಹೋಗಿದ್ದವನು. “ಅಣ್ಣಾ, ನೀನು ಆಗ ಬರೆದ ಕಾಗದ ಅಮ್ಮನ ಟ್ರಂಕಿನಲ್ಲಿ ಇರಬೇಕು, ನೋಡ್ತೀನಿ ಇರು” ಅಂದ. ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ನೀಲಿ ಏರೋಗ್ರಾಮಿನ ಚಿತ್ರ ಬಂತು. ನನ್ನದೇ ಕೈಬರಹ, 1974ರ ಡಿಸೆಂಬರ್ 15. ಕ್ಷೇಮ ಸಮಾಚಾರ, ಚಳಿ, ಪರೀಕ್ಷೆ ಎಲ್ಲ ಆದಮೇಲೆ ಹೀಗಿತ್ತು:

“ಶುಕ್ರವಾರ ಜಾರ್ಜ್ ಹ್ಯಾರಿಸನ್ ಕಾನ್ಸರ್ಟಿಗೆ ಹೋಗಿದ್ದೆ. ನಡುವೆ ನಮ್ಮವರ ಸಂಗೀತ ಶುರುವಾಯಿತು. ಹಿಂದಿನ ಸಾಲಿನವರು ಕೂಗಿದರು. ನನ್ನ ರೂಮ್‌ಮೇಟುಗಳು ಹೊರಗೆ ಹೋಗಿ ಏನಾದರೂ ತಿನ್ನೋಣ ಎಂದರು. ನಾನೂ ಎದ್ದು ಹೋದೆ. ಪಾಪ್‌ಕಾರ್ನ್ ಮುಗಿಸಿ ಬರುವಷ್ಟರಲ್ಲಿ ಅದು ಮುಗಿದಿತ್ತು. ಅಪ್ಪನಿಗೆ ಹೇಳಬೇಡ.”

ಅಪ್ಪ ನಮ್ಮಿಬ್ಬರನ್ನೂ ಕೈಹಿಡಿದು ಬಿಡಾರಂ ಕೃಷ್ಣಪ್ಪ ರಾಮಮಂದಿರಕ್ಕೆ ಕಚೇರಿ ಕೇಳಿಸಲು ಕರೆದುಕೊಂಡು ಹೋಗುತ್ತಿದ್ದರು. ತನಿ ಆವರ್ತನದ ಹೊತ್ತಿಗೆ ಎದ್ದು ಹೋಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಮೃದಂಗದವನಿಗೆ ಬೆನ್ನು ತೋರಿಸಿ ಹೋಗ್ತಾರೆ, ಮರ್ಯಾದೆ ಇಲ್ಲ” ಅನ್ನುತ್ತಿದ್ದರು.

ಎದ್ದು ನಿಂತು ಚಪ್ಪಾಳೆ ತಟ್ಟಿದ ಆ ಸಾವಿರಾರು ಜನರನ್ನು ನಾನು ಎಲ್ಲಿಂದ ತಂದೆ? ಯೋಚಿಸಿದ್ದೇನೆ. ಮಕ್ಕಳು ಚಿಕ್ಕವರಿದ್ದಾಗ, ಸ್ಕೂಲಿನಲ್ಲಿ ನಮ್ಮ ಊಟಕ್ಕೆ, ನಮ್ಮ ಹಾಡಿಗೆ ಬೇರೆ ಮಕ್ಕಳು ನಗುತ್ತಾರೆ ಅಂತ ಅಳುತ್ತಾ ಬಂದ ದಿನ ಮೊದಲ ಸಲ ಆ ಕಥೆ ಹೇಳಿದ್ದಿರಬೇಕು. ಆಮೇಲೆ ಹೇಳುತ್ತಾ ಹೇಳುತ್ತಾ ನಾನೇ ನಂಬಿಬಿಟ್ಟೆ. ನಾಚಿಕೆ ಪಟ್ಟು ಎದ್ದು ಹೋದ 22 ವರ್ಷದ ಹುಡುಗ ಕಥೆಯಿಂದಲೇ ಹೊರಗೆ ಹೋದ.

ಮಗಳಿಗೆ ಕಾಗದ ತೋರಿಸಿದೆ. ಕನ್ನಡ ಓದುವುದು ಅವಳಿಗೆ ನಿಧಾನ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಅಪ್ಪನಿಗೆ ಹೇಳಬೇಡ’ ಅನ್ನುವಲ್ಲಿಗೆ ಬಂದಾಗ ನನ್ನ ಮುಖ ನೋಡಿದಳು. ಬೈಯಲಿಲ್ಲ. “ಸರಿ ಅಪ್ಪಾ, ಹೋಗಿದ್ದಂತೂ ನಿಜ” ಅಂದಳು. ಆಮೇಲೆ ತಾನೂ ಐದನೇ ಕ್ಲಾಸಿನಲ್ಲಿ ಡಬ್ಬಿಯ ಚಿತ್ರಾನ್ನವನ್ನು ಕಸದ ಬುಟ್ಟಿಗೆ ಹಾಕಿ ಬರುತ್ತಿದ್ದದ್ದನ್ನು ಹೇಳಿದಳು. ಅದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಕ್ಯಾಪಿಟಲ್ ಸೆಂಟರನ್ನು 2002ರ ಡಿಸೆಂಬರಿನಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಆ ಜಾಗದಲ್ಲಿ ಶಾಪಿಂಗ್ ಸೆಂಟರ್ ಬಂತು, ಹೋಯಿತು, ಈಗ ದೊಡ್ಡ ಆಸ್ಪತ್ರೆ ಇದೆ. ಈಚೆಗೆ ಸ್ನೇಹಿತರೊಬ್ಬರನ್ನು ನೋಡಲು ಹೋದಾಗ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಒಳಗೇ ಕೂತೆ. ಫೋನಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಒಂದು ತನಿ ಹಾಕಿಕೊಂಡು, ಮುಗಿಯುವ ತನಕ ಕೇಳಿ, ಆಮೇಲೆ ಒಳಗೆ ಹೋದೆ.