ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನ

ವಿಜಯನಗರಕ್ಕಿಂತ ಪ್ರಾಚೀನವಾದ ಆನೆಗೊಂದಿಯ ದಡದಲ್ಲಿ ದೋಣಿಯೇರಿದರೆ ತುಸು ಹೊತ್ತಿನಲ್ಲೇ ನವವೃಂದಾವನ. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಪದ್ಮನಾಭತೀರ್ಥರು ಇಲ್ಲಿ ಮೊದಲಿಗರು. ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ಶ್ರೀವ್ಯಾಸರಾಜರು ವೃಂದಾವನಸ್ಥರಾದುದು 1539ರಲ್ಲಿ. ಅವರ ವೃಂದಾವನ ನಡುವೆ, ಉಳಿದ ಎಂಟು ಸುತ್ತಲೂ. 1565ರಲ್ಲಿ ಎದುರು ದಡದ ರಾಜಧಾನಿ ಹಾಳಾಯಿತು. ಆದರೂ ಯತಿಗಳು ಈ ಸ್ಥಳವನ್ನು ತೊರೆಯಲಿಲ್ಲವೆಂಬುದಕ್ಕೆ ಶ್ರೀರಾಘವೇಂದ್ರಸ್ವಾಮಿಗಳ ಗುರುಗಳಾದ ಶ್ರೀಸುಧೀಂದ್ರತೀರ್ಥರ ವೃಂದಾವನವೇ ಸಾಕ್ಷಿ.

2019ರ ಜುಲೈ 17ರ ರಾತ್ರಿ ನಿಧಿಯಾಸೆಯ ದುರುಳರು ಶ್ರೀವ್ಯಾಸರಾಜರ ವೃಂದಾವನವನ್ನು ಕಿತ್ತು ಕೆಡವಿದರು. ಬಂಗಾರವೆಲ್ಲಿಯದು, ಸನ್ಯಾಸಿಗಳ ಬಳಿ! ಸುದ್ದಿ ಕೇಳಿ ಕಣ್ಣೀರಿಡದ ಮಾಧ್ವರ ಮನೆಯಿರಲಾರದು. ಮಠಭೇದವೆಣಿಸದೆ ಯತಿಗಳೂ ಭಕ್ತರೂ ಕೂಡಿ, ಚದುರಿದ ಕಲ್ಲುಗಳನ್ನು ಹೊಂದಿಸಿ, ಎರಡೇ ದಿನಗಳಲ್ಲಿ ವೃಂದಾವನವನ್ನು ಮತ್ತೆ ನಿಲ್ಲಿಸಿದರು.

ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಡೆಯದು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.