ಫ್ಲಾಪಿಯಲ್ಲಿ ಸಿಕ್ಕಿಬಿದ್ದಿರೋ ನಮ್ಮ ಚರಿತ್ರೆ



1951ರ ಕಾಗೋಡು ಸತ್ಯಾಗ್ರಹ, ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಸಂಸ, 1986ರ ಚಂದ್ರಗುತ್ತಿ ಬೆತ್ತಲೆ ಸೇವೆ ವಿರೋಧಿ ಹೋರಾಟ, ಇವಕ್ಕೆಲ್ಲ ಹುಡುಕಿದರೆ ಕಾಗದ ಸಿಗುತ್ತೆ. 1990ರ ದಶಕದ ಕೊನೆಗೆ ಬಂದರೆ ದೊಡ್ಡ ತೂತು. ಆಗ ನಮ್ಮೋರು ಕರಪತ್ರ, ಮನವಿ, ಜಮೀನು ಕಳಕೊಂಡವರ ಪಟ್ಟಿ ಎಲ್ಲಾನೂ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸ್ತಿದ್ದರು. ಪ್ರಿಂಟು ಕಚೇರಿಗೆ ಹೋಯ್ತು, ನಮ್ಮ ಹತ್ರ ಉಳಿದದ್ದು ಫ್ಲಾಪಿ.

ಮೂರೂವರೆ ಇಂಚಿನ ಫ್ಲಾಪಿ ಹಿಡಿಯೋದು ಬರೀ 1.44 ಎಂಬಿ. ಈಗಿನ ಮೊಬೈಲಿನ ಒಂದು ಫೋಟೋ ಹಿಡಿಯೋದೂ ಕಷ್ಟ. ಆದರೆ ಬರೀ ಅಕ್ಷರವಾದರೆ ನೂರಾರು ಪುಟ. ಒಳಗಿರೋದು ಕಾಂತೀಯ ಪುಡಿ ಲೇಪಿಸಿದ ತೆಳು ಪ್ಲಾಸ್ಟಿಕ್ ತಟ್ಟೆ. ತೀರ್ಥಹಳ್ಳಿ, ಹೊಸನಗರದ ಮಳೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇದಕ್ಕೆ ಹಿಡಿಯಲ್ವಾ? ಹಾಗೇ ಡ್ರೈವಿಗೆ ತುರುಕಿದರೆ ಹೆಡ್ಡು ಆ ಲೇಪನವನ್ನೇ ಕೆರೆದುಹಾಕುತ್ತೆ.

ಮೊದಲು ಮೂಲೆಯ ಗುಂಡಿ ಸರಿಸಿ ತೂತು ತೆರೆಯಿರಿ, ಆಗ ಅದರ ಮೇಲೆ ಏನೂ ಬರೆಯೋಕೆ ಬರಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಹತ್ತಿಯಿಂದ ತಟ್ಟೆ ಮೆಲ್ಲಗೆ ತಿರುಗಿಸುತ್ತಾ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಹಳೇ ಕಂಪ್ಯೂಟರಿನಲ್ಲಿ ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೇ ಕೆಲಸ ಮಾಡಬೇಕು. ಕಂಪ್ಯೂಟರ್ 'ಫಾರ್ಮ್ಯಾಟ್ ಮಾಡಲಾ?' ಅಂತ ಕೇಳಿದರೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ.

ಫೈಲು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಗುರುತು ಕಂಡರೆ ಹಾಳಾಗಿದೆ ಅಂತ ಎಸೀಬೇಡಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಶ್ರೀಲಿಪಿ, ಆಕೃತಿ ಹೀಗೆ ಒಂದೊಂದು ತಂತ್ರಾಂಶಕ್ಕೂ ಅದರದೇ ಅಕ್ಷರ ಸಂಕೇತ ಇತ್ತು. ಆ ಫಾಂಟು ಸಿಕ್ಕರೆ ಕನ್ನಡ ಎದ್ದು ಬರುತ್ತೆ.

ಇಷ್ಟೆಲ್ಲಾ ಯಾಕೆ? ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಯನ್ನ ಕಂಪ್ಯೂಟರಿಗೆ ಹತ್ತಿಸಿತು. ಪಹಣಿ ನೋಡಿದರೆ ಈಗ ಯಾರ ಹೆಸರಿದೆ ಅಂತ ಗೊತ್ತಾಗುತ್ತೆ. ಮಂಜೂರಾದ ಜಮೀನು ನಮ್ಮ ಕೈ ಬಿಟ್ಟದ್ದು ಹೇಗೆ ಅನ್ನೋದು ಆ ಮನವಿಗಳಲ್ಲಿದೆ. 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ, ಜಮೀನು ವಾಪಸ್ ಕೇಳೋಕೆ ಕಾಲಮಿತಿ ಅಡ್ಡಿಯಿಲ್ಲ ಅಂದಿದೆ. ನಾನೂ ಗುಮಾಸ್ತನೇ, ಬಾಯಿಮಾತು ಕಡತ ಸೇರಲ್ಲ ಅಂತ ಬಲ್ಲೆ. ಫ್ಲಾಪಿಯೊಂದೇ ಸಾಕ್ಷಿಯಾಗಲಿಕ್ಕಿಲ್ಲ. ಆದರೆ ಅದರಲ್ಲಿರೋ ಸರ್ವೆ ನಂಬರು, ದಿನಾಂಕ ಹಿಡಿದು ಮಾಹಿತಿ ಹಕ್ಕಿನಲ್ಲಿ ಮೂಲ ಕಡತ ಕೇಳಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಸಂಗಾತಿಗಳೇ, ಹಳೇ ಟ್ರಂಕು, ಬೀರು ತೆಗೆದು ನೋಡಿ. ಮುಂದಿನ ಮಳೆಗಾಲಕ್ಕೆ ಮುಂಚೆ. ಸಿಕ್ಕಿದ್ದನ್ನ ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ.

ಜೈಭೀಮ್.